ಇಲ್ಲದ ಭಾಮೈದ

ಮಾರ್ಚ್ 1, ಶನಿವಾರ

ಬ್ಲೇಡ್ ಕಂಪನಿಯ ಏಜೆಂಟ್ ಪ್ರತಿ ವರ್ಷ ಒಂದು ಡೈರಿ ಕೊಟ್ಟು ಹೋಗುತ್ತಾನೆ. ಪ್ರತಿ ವರ್ಷವೂ ಅದು ನನ್ನ ಕ್ಷೌರದಂಗಡಿಯಲ್ಲಿ ಗಿರಾಕಿಗಳು ಕಾಯುವ ಬೆಂಚಿನ ಗಿಡ್ಡ ಕಾಲಿನ ಕೆಳಗೆ ಸೇರುತ್ತದೆ. ಈ ವರ್ಷದ್ದನ್ನು ಇವತ್ತು ಎಳೆದು ತೆಗೆದೆ. ಬೆಂಚು ಅಲ್ಲಾಡುತ್ತಿದೆ. ಅಲ್ಲಾಡಲಿ. ಮನೆಯಲ್ಲಿ ಹೆಂಡತಿ ಮಾತು ಬಿಟ್ಟರೆ ಮನುಷ್ಯ ಯಾರ ಹತ್ತಿರವಾದರೂ ಮಾತಾಡಬೇಕಲ್ಲ.

ನಿನ್ನೆ ಆದದ್ದು ಇಷ್ಟು. ಶುಕ್ರವಾರ ಬೆಳಿಗ್ಗೆ ನನಗೆ ಆಸ್ಪತ್ರೆಯ ಕೆಲಸ. ಆಪರೇಷನ್ ಆಗಬೇಕಾದ ರೋಗಿಗಳಿಗೆ ಮುಂಚೆ ಕೂದಲು ತೆಗೆಯಬೇಕು. ಆ ಕೆಲಸ ಸಿಕ್ಕಿದ್ದೇ ಇವಳಿಂದ. ಇವಳು ಅಲ್ಲಿನ ಲಾಂಡ್ರಿಯಲ್ಲಿ ವಾರ್ಡಿನ ಹೊದಿಕೆ, ಹಾಸುಬಟ್ಟೆ ಮಡಿಸುತ್ತಾಳೆ. ನಿನ್ನೆ ನಾನು ಹೋಗಲಿಲ್ಲ. ಏಳಲಾಗಲಿಲ್ಲ, ಅಷ್ಟೇ. ಹೆಡ್ ನರ್ಸ್ ನೇರ ಲಾಂಡ್ರಿಗೇ ಬಂದು ಕೇಳಿದರಂತೆ. ಇವಳು "ಜ್ವರ ಮೇಡಂ, ಮೈ ಕೆಂಡ ಆಗಿದೆ" ಎಂದಳಂತೆ.

"ಹೋದ ತಿಂಗಳೂ ಜ್ವರ. ಅದರ ಹಿಂದಿನ ತಿಂಗಳೂ ಜ್ವರ. ಒಂದ್ಸಲ ಕರ್ಕೊಂಡ್ ಬನ್ನಿ, ಡಾಕ್ಟ್ರೇ ನೋಡ್ಲಿ" ಎಂದರಂತೆ ನರ್ಸ್. ಪಕ್ಕದಲ್ಲಿ ಮಡಿಸುತ್ತಿದ್ದವರೆಲ್ಲ ತಲೆ ತಗ್ಗಿಸಿಕೊಂಡು ಕಿಸಕ್ಕನೆ ನಕ್ಕರಂತೆ.

ಸಂಜೆ ಮನೆಗೆ ಬಂದವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಅಲ್ಲಿಗೆ ಮುಗಿಸುತ್ತಿದ್ದೆ. ಚಪ್ಪಲಿ ಕೂಡ ಬಿಡದೆ, ನಿಂತೇ ಹೇಳಿದಳು:

"ನೋಡ್ರೀ, ಇನ್ನೊಂದ್ಸಲ ನಿಮಗೋಸ್ಕರ ನನ್ನ ಬಾಯಲ್ಲಿ ಸುಳ್ಳು ಬಂತೋ, ನಾನು ಅಕ್ಕನ ಮನೆಗೆ ಹೊರಟೆ ಅಂತ ತಿಳ್ಕೊಳ್ಳಿ. ಹೋದ್ಮೇಲೆ ಮತ್ತೆ ಬರಲ್ಲ."

ಇವಳಿಗೆ ಒಡಹುಟ್ಟಿದವರು ಎಂದರೆ ಅಕ್ಕ ಒಬ್ಬಳೇ. ಆ ಮಹಾತಾಯಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ನಮ್ಮ ಮದುವೆಯಾದ ದಿನದಿಂದ ತಂಗಿಗೆ ಎಂದು ಒಂದು ಕೋಣೆ ಗುಡಿಸಿಟ್ಟುಕೊಂಡು ಕಾಯುತ್ತಿದ್ದಾಳೆ.

ಇವಳು ಸುಮ್ಮನೆ ಹೆದರಿಸುವವಳಲ್ಲ. ಅದೇ ನನಗೆ ಭಯ.

ಮಾರ್ಚ್ 6, ಗುರುವಾರ

ಮೌನಿ ಬಂದಿದ್ದರು. ಬಸ್ ಡ್ರೈವರ್. ಹೆಸರು ಏನೋ ಇದೆ, ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಮೌನಿ. ಕುರ್ಚಿಯಲ್ಲಿ ಕೂತರೆ ಏಳುವವರೆಗೆ ತುಟಿ ಪಿಟಕ್ಕೆನ್ನುವುದಿಲ್ಲ. ಒಂದು ಕಾಲದಲ್ಲಿ ನಾವಿಬ್ಬರೂ ಒಂದೇ ಬಾರಿನ ಒಂದೇ ಮೇಜಿನವರು. ಒಂದು ದಿನ ಅವರು ಬರುವುದು ನಿಂತಿತು. ಯಾಕೆ ಎಂದು ನಾನು ಕೇಳಲಿಲ್ಲ, ಕುರ್ಚಿ ಖಾಲಿಯಾಯಿತಲ್ಲ ಎಂದು ಕಾಲು ಚಾಚಿಕೊಂಡೆ.

ಇವತ್ತು ಅವರ ಕಿವಿಯ ಹಿಂದೆ ಕತ್ತಿ ತಾಗಿ ರಕ್ತ ಬಂತು. ರಕ್ತ ನಿಲ್ಲಲೆಂದು ಸ್ಫಟಿಕದ ಕಲ್ಲು ಒತ್ತಿದೆ. ಅವರು ಕನ್ನಡಿಯಲ್ಲಿ ಕಿವಿಯನ್ನು ನೋಡಲಿಲ್ಲ, ನನ್ನ ಕೈಯನ್ನು ನೋಡಿದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಮಂಗಳವಾರ ಸಂಜೆ, ಲೈಬ್ರರಿ ಮಹಡಿ ಮೇಲೆ. ಬಿಡ್ಬೇಕು ಅನ್ನೋರು ಸೇರ್ತೀವಿ. ಬನ್ನಿ" ಎಂದರು.

"ಸೇರಿ ಏನ್ ಮಾಡ್ತೀರಿ?"

"ಮಾತಾಡ್ತೀವಿ."

"ನೀವಾ?"

ಅವರು ನಕ್ಕರು. ಅವರ ಹಲ್ಲು ನೋಡಿದ್ದು ಇದೇ ಮೊದಲು.

ಮಾರ್ಚ್ 11, ಮಂಗಳವಾರ

ಮಂಗಳವಾರ ಅಂಗಡಿಗೆ ರಜೆ. ಇವಳಿಗೆ "ಕ್ಷೌರಿಕರ ಸಂಘದ ಮೀಟಿಂಗ್" ಎಂದೆ. "ಅದಿನ್ನೂ ಬದುಕಿದೆಯಾ?" ಎಂದಳು.

ಮಧ್ಯಾಹ್ನ ಧೈರ್ಯಕ್ಕೆ ಎಂದು ಸ್ವಲ್ಪ ಹಾಕಿಕೊಂಡು, ಮೇಲೆ ಲವಂಗ ಜಗಿದು ಹೋದೆ. ಕುಡಿಯುವುದನ್ನು ಬಿಡಲು ಹೋಗುವವನು ಕುಡಿದು ಹೋಗಬಾರದೆಂದು ನನಗೂ ಗೊತ್ತು. ಕುಡಿಯದೆ ಹೋಗಲು ಕಾಲು ಏಳಲಿಲ್ಲ.

ಲೈಬ್ರರಿಯ ಮಹಡಿ ಹತ್ತಿದರೆ ಒಂದು ಓಣಿ, ಎದುರುಬದುರು ಎರಡು ಕೋಣೆ. ಎರಡರಲ್ಲೂ ದೀಪ, ಎರಡರಲ್ಲೂ ದುಂಡಗೆ ಹಾಕಿದ ಪ್ಲಾಸ್ಟಿಕ್ ಕುರ್ಚಿ. ಮೌನಿ ಎಲ್ಲೂ ಕಾಣಲಿಲ್ಲ. ಎಡಗಡೆಯ ಕೋಣೆಯಿಂದ ಬಿಸಿ ಬನ್ನಿನ ವಾಸನೆ ಬಂತು. ಮೂಗು ಎಳೆದ ಕಡೆ ಹೋದೆ.

"ಬನ್ನಿ ಬನ್ನಿ. ಯಾರಿಗೋಸ್ಕರ ಬಂದಿದೀರಿ?" ಎಂದರು ಕನ್ನಡಕದ ಹೆಂಗಸೊಬ್ಬರು. ರಿಟೈರಾದ ಟೀಚರ್. ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು.

ಇದೆಂಥ ಪ್ರಶ್ನೆ? ನನಗೋಸ್ಕರ ಅಲ್ಲದೆ ಪಕ್ಕದ ಮನೆಯವನಿಗೋಸ್ಕರ ಬರುತ್ತಾರೆಯೇ ಎಂದು ಕಕ್ಕಾಬಿಕ್ಕಿಯಾಗಿ ನಿಂತೆ. ಪಕ್ಕದಲ್ಲಿದ್ದ ಹುಡುಗಿ, ಬ್ಯಾಂಕಿನಲ್ಲಿ ಕ್ಲಾರ್ಕ್ ಅಂತೆ, ಬಿಡಿಸಿ ಹೇಳಿದಳು: "ಇದು ಕುಡಿಯೋರ ಮನೆಯವರ ಗುಂಪು ಅಂಕಲ್. ಕುಡಿಯೋರದು ಎದುರು ಕೋಣೆ."

ಎದುರು ಕೋಣೆ ನಾಲ್ಕು ಹೆಜ್ಜೆ ದೂರ. "ಓಹೋ, ತಪ್ಪಾಯ್ತು" ಎಂದು ಹೋಗಿದ್ದರೆ ಆಗುತ್ತಿತ್ತು. ಎಲ್ಲರೂ ನೋಡುತ್ತಿದ್ದರು. ಆ ನಾಲ್ಕು ಹೆಜ್ಜೆ ಇಡಲು ನನ್ನಿಂದಾಗಲಿಲ್ಲ. ಬಾಯಿ ತಾನಾಗಿ ಹೇಳಿಬಿಟ್ಟಿತು: "ನನ್ನ ಭಾಮೈದ."

"ಹೆಂಡ್ತಿ ತಮ್ಮನಾ! ಹೆಂಡ್ತಿ ಕಡೆಯೋರಿಗೋಸ್ಕರ ಮೆಟ್ಲು ಹತ್ತೋ ಗಂಡಸ್ರು ಎಷ್ಟು ಜನ ಇದಾರೆ ಹೇಳಿ" ಎಂದು ಟೀಚರಮ್ಮ ನನ್ನನ್ನು ಕೂರಿಸಿದರು. ಬನ್ ತಂದಿದ್ದ ಬೇಕರಿಯವರು ಮೊದಲ ಬನ್ನು ನನಗೇ ಕೊಟ್ಟರು. ತಿಂದೆ. ಇನ್ನೊಂದು ಕೊಟ್ಟರು. ಅದನ್ನೂ ತಿಂದೆ.

ಮೌನಿ ಹೇಳಿದ ಹಾಗೆ ಮಾತಾಡುವುದೇ ಕೆಲಸ. ಬ್ಯಾಂಕಿನ ಹುಡುಗಿ ಅವಳ ಅಪ್ಪನ ಬಗ್ಗೆ ಹೇಳಿದಳು. "ಮೆಟ್ಲು ಹತ್ತೋ ಸದ್ದಲ್ಲೇ ನಂಗೆ ಗೊತ್ತಾಗುತ್ತೆ, ಇವತ್ತು ಎಷ್ಟು ಅಂತ. ಟೀವಿ ನೋಡ್ತಿದ್ರೂ ಕಿವಿ ಮೆಟ್ಲ ಮೇಲೇ ಇರುತ್ತೆ."

ನನ್ನ ಸರದಿ ಬಂದಾಗ ಭಾಮೈದ ಒಂದು ಶುಕ್ರವಾರ ಕೆಲಸಕ್ಕೆ ಹೋಗದೆ ಮಲಗಿದ್ದ ಎಂದೆ. ಎಲ್ಲರೂ ತ್ಚ್ ತ್ಚ್ ಎಂದರು.

ಮಾರ್ಚ್ 12, ಬುಧವಾರ

ಸಂಜೆ ಅಂಗಡಿ ಮುಚ್ಚಿ ಮನೆಯ ಮೆಟ್ಟಿಲು ಹತ್ತುವಾಗ ಆ ಹುಡುಗಿಯ ಮಾತು ನೆನಪಾಯಿತು. ಅರ್ಧಕ್ಕೆ ನಿಂತೆ. ಒಳಗೆ ಇವಳು ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ಹತ್ತಿದೆ. ಬಾಗಿಲು ತೆರೆದೆ. ಅವಳು ನನ್ನ ಮುಖ ನೋಡಿ, ನಲ್ಲಿ ಮತ್ತೆ ತಿರುಗಿಸಿದಳು.

ಇಷ್ಟು ವರ್ಷ ನಮ್ಮ ನಲ್ಲಿ ಸರಿಯಿಲ್ಲ ಎಂದುಕೊಂಡಿದ್ದೆ.

ಮಾರ್ಚ್ 18, ಮಂಗಳವಾರ

ಎದುರು ಕೋಣೆಗೇ ಹೋಗಬೇಕೆಂದು ಹೊರಟಿದ್ದೆ. ಮೆಟ್ಟಿಲ ಮೇಲೇ ಬೇಕರಿಯವರು ಸಿಕ್ಕಿ, "ಸಾರ್, ನಿಮ್ಮ ಭಾಮೈದ ಹೇಗಿದಾರೆ?" ಎಂದು ಕೈಗೆ ಬನ್ನಿನ ಬುಟ್ಟಿಯ ಒಂದು ಕಡೆ ಕೊಟ್ಟರು. ಬುಟ್ಟಿಯ ಹಿಂದೆ ಹೋದೆ, ಇನ್ನೇನು ಮಾಡಲಿ.

ಬೇಕರಿಯವರ ಕಷ್ಟ ಮಗನದು. ಮಗ ಅಡಗಿಸಿಡುವ ಬಾಟಲಿ ಇವರಿಗೆ ಗೊತ್ತು. ಚೆಲ್ಲಿದರೆ ಜಗಳವಾಗುತ್ತದೆಂದು ಅರ್ಧ ಬಗ್ಗಿಸಿ ಅಷ್ಟೇ ನೀರು ಹಾಕಿಡುತ್ತಾರಂತೆ. "ನಾನೂ ಹಾಗೇ ಮಾಡ್ತಿದ್ದೆ" ಎಂದರು ಟೀಚರಮ್ಮ. "ನಾನೂ" ಎಂದಳು ಹುಡುಗಿ. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ಎಷ್ಟೋ ತಿಂಗಳಿಂದ ಅಟ್ಟದ ಮೇಲಿನ ನನ್ನ ಬಾಟಲಿ ಸಪ್ಪೆ ಹೊಡೆಯುತ್ತಿದೆ. ವೈನ್ ಶಾಪಿನವನು ಕಲಬೆರಕೆ ಮಾಡುತ್ತಾನೆಂದು ಹೋಗಿ ಅವನ ಕಾಲರ್ ಹಿಡಿದಿದ್ದೆ. ಅವನು ಅಳುವುದೊಂದು ಬಾಕಿ. "ಅಣ್ಣಾ, ಸೀಲ್ ಒಡೆದಿಲ್ಲ ಅಣ್ಣಾ" ಎಂದು ಗೋಗರೆದರೂ ಬಿಡಲಿಲ್ಲ. ನೀರು ಹಾಕುವವಳು ಮನೆಯಲ್ಲೇ ಇದ್ದಾಳೆ!

ಮನೆಗೆ ಬಂದಾಗ ಮೈ ಉರಿಯುತ್ತಿತ್ತು. ಕೇಳಿಬಿಡಬೇಕು ಎಂದುಕೊಂಡೆ. ಕೇಳಿದರೆ ಎಲ್ಲಿ ತಿಳಿಯಿತು ಎಂದು ಹೇಳಬೇಕಾಗುತ್ತದೆ. ಸುಮ್ಮನೆ ಊಟ ಮಾಡಿದೆ. ಸಾರಿಗೆ ಉಪ್ಪು ಸರಿಯಾಗಿತ್ತು. ಹಾಗೆಂದೂ ಹೇಳಿದೆ. ಅವಳು ಅನುಮಾನದಿಂದ ನೋಡಿದಳು.

ಮಾರ್ಚ್ 25, ಮಂಗಳವಾರ

ಈ ವಾರ ಕುಡಿಯಲಿಲ್ಲ. ದೊಡ್ಡ ಸಂಕಲ್ಪ ಏನಲ್ಲ. ಮಂಗಳವಾರ ಅವರು ಭಾಮೈದನ ಸಮಾಚಾರ ಕೇಳುತ್ತಾರೆ, ಪ್ರತಿ ಸಲ ಕೆಟ್ಟದ್ದನ್ನೇ ಹೇಳಲು ನನಗೇ ಬೇಜಾರಾಯಿತು. ಮೊದಲೆರಡು ದಿನ ಬೆವರಿ ಒದ್ದೆಯಾದೆ. ಆಸ್ಪತ್ರೆಗೆ ಹೋದವನು ಅಲ್ಲಿನ ಡಾಕ್ಟರಿಗೂ ತೋರಿಸಿ ಮಾತ್ರೆ ತಂದೆ. ಇವಳಿಗೆ ಗ್ಯಾಸ್ಟ್ರಿಕ್ ಎಂದೆ.

"ಈ ವಾರ ನನ್ನ ಭಾಮೈದ ಮುಟ್ಟಿಲ್ಲ" ಎಂದೆ, ಅಷ್ಟೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಬೇಕರಿಯವರು ಕಣ್ಣೊರೆಸಿಕೊಂಡರು. "ಅವನಿಗೆ ಹೇಳಿ ಸಾರ್, ಯಾರೋ ಒಬ್ರು ಬನ್ ಮಾಡೋರು ತುಂಬ ಖುಷಿಪಟ್ರು ಅಂತ."

ಹೇಳುತ್ತೇನೆ ಎಂದೆ. ಬೆವರಿದ್ದು ನಾನು, ಹೆಸರು ಬಂದದ್ದು ಆ ಬಡ್ಡಿಮಗ ಭಾಮೈದನಿಗೆ. ಒಳಗೊಳಗೇ ಹೊಟ್ಟೆ ಉರಿಯಿತು.

ಮಾರ್ಚ್ 30, ಭಾನುವಾರ

ಕುಡಿದೆ. ಕಾರಣ ಏನೂ ಇಲ್ಲ. ಅಂಗಡಿಯಲ್ಲಿ ಗಿರಾಕಿ ತುಂಬಿದ್ದರು, ಎಲ್ಲ ಚೆನ್ನಾಗಿತ್ತು.

ಏಪ್ರಿಲ್ 1, ಮಂಗಳವಾರ

ಹೋಗುವುದು ಬೇಡವೆಂದುಕೊಂಡೆ. ಆಮೇಲೆ ಬೇಕರಿಯವರು ಬುಟ್ಟಿಯ ಇನ್ನೊಂದು ಕಡೆ ಯಾರಿಗೆ ಕೊಡುತ್ತಾರೆ ಎನ್ನಿಸಿತು.

ಭಾಮೈದ ಮತ್ತೆ ಕುಡಿದ ಎಂದು ಹೇಳಿದೆ. ಅವರು ಅವನನ್ನು ಬಯ್ಯುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ಬಯ್ಯಲಿಲ್ಲ. ನನ್ನನ್ನು ಸಮಾಧಾನ ಮಾಡಿದರು! "ನಿಮ್ಮ ತಪ್ಪಲ್ಲ ಅಂಕಲ್" ಎಂದು ಆ ಹುಡುಗಿ ನನ್ನ ಭುಜ ಮುಟ್ಟಿದಳು. ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಟೀಚರಮ್ಮ ಕೇಳಿದರು, "ಅವನ ಪರವಾಗಿ ಯಾರು ಸುಳ್ಳು ಹೇಳ್ತಾರೆ? ಕೆಲಸದ ಕಡೆಗೆ, ನೆಂಟರಿಗೆ?"

"ಅವನ ಹೆಂಡ್ತಿ. ಅವಳ ಸ್ವಂತ ಅಕ್ಕನಿಗೂ ನಿಜ ಹೇಳಿಲ್ಲ" ಎಂದೆ.

"ಪಾಪ, ಅವಳಿಗೆ ಅದೇ ದೊಡ್ಡ ಕೆಲಸ ಆಗಿರುತ್ತೆ. ನಮ್ಮ ಯಜಮಾನ್ರಿಗೋಸ್ಕರ ನಾನೂ ಸ್ಕೂಲಲ್ಲಿ ಪಾಠ ಮಾಡ್ತಾ ಮಾಡ್ತಾ ಮನಸ್ಸಲ್ಲಿ ಸುಳ್ಳು ಜೋಡಿಸ್ಕೋತಿದ್ದೆ. ಯಾರಿಗೆ ಏನ್ ಹೇಳಿದ್ದೆ ಅಂತ ನೆನಪಿಟ್ಕೋಬೇಕಲ್ಲ. ಒಂದಿನ ಸುಸ್ತಾಗಿ ನಿಲ್ಲಿಸಿದೆ. ನೋಡಿ, ಸುಳ್ಳು ಹೇಳಿದಷ್ಟು ದಿನ ಕುಡಿಯೋರಿಗೆ ಆರಾಮು. ಆಕೆಗೆ ಹೇಳಿ, ಇಲ್ಲಿಗೊಮ್ಮೆ ಬರಲಿ."

ಆಗಲಿ ಎಂದೆ. ಬನ್ನು ತಿನ್ನದೆ ಕರವಸ್ತ್ರದಲ್ಲಿ ಸುತ್ತಿಕೊಂಡು ತಂದೆ. ಇವಳು ಅದನ್ನು ರಾತ್ರಿಯೇ ಚಹಾದ ಜೊತೆ ತಿಂದಳು. ಎಲ್ಲಿಯದು ಎಂದಳು. ಸಂಘದ್ದು ಎಂದೆ.

ಏಪ್ರಿಲ್ 4, ಶುಕ್ರವಾರ

ಆಸ್ಪತ್ರೆಗೆ ಹೋದೆ, ಹೊತ್ತಿಗೆ ಮುಂಚೆಯೇ. ಒಬ್ಬ ಮುದುಕನಿಗೆ ತಲೆಯ ಆಪರೇಷನ್, ಪೂರ್ತಿ ಬೋಳಿಸಬೇಕಿತ್ತು. ಹೆದರಿದ್ದ. "ನೋವಾಗಲ್ಲ ತಾನೇ?" ಎಂದ. "ನನ್ನದು ನೋವಾಗಲ್ಲ, ಡಾಕ್ಟ್ರದು ಅವರನ್ನೇ ಕೇಳಿ ಯಜಮಾನ್ರೇ" ಎಂದೆ. ನಕ್ಕ. ಒಂದು ಗೀರೂ ಬೀಳಲಿಲ್ಲ.

ವಾಪಸು ಬರುವಾಗ ಲಾಂಡ್ರಿಯ ಬಾಗಿಲಲ್ಲಿ ಹಾದು ಬಂದೆ. ಹೆಡ್ ನರ್ಸ್ ಅಲ್ಲಿ ಇವಳ ಜೊತೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನನ್ನನ್ನು ಕಂಡು ಇಬ್ಬರೂ ಸುಮ್ಮನಾದರು. ಇನ್ನೇನು ದೂರೋ.

ಏಪ್ರಿಲ್ 10, ಗುರುವಾರ

ಎಂಟನೇ ತಾರೀಕಿನ ಮಂಗಳವಾರವೂ ಹೋಗಿದ್ದೆ, ಬರೆಯಲು ಪುರುಸೊತ್ತಾಗಲಿಲ್ಲ. ಅಂಗಡಿಗೆ ಜನ ಹೆಚ್ಚಿದ್ದಾರೆ, ಯಾಕೋ ಗೊತ್ತಿಲ್ಲ. ಬಿಟ್ಟು ಹೋಗಿದ್ದ ಶೇವಿಂಗ್ ಗಿರಾಕಿಗಳೂ ಬರುತ್ತಿದ್ದಾರೆ. ಬಿಸಿಲು ಜಾಸ್ತಿ, ಗಡ್ಡ ತುರಿಸುತ್ತಿರಬೇಕು.

ಮೌನಿ ಬಂದರು. ಕಟಿಂಗ್ ಮುಗಿಯುವವರೆಗೆ ಮಾತಿಲ್ಲ. ಕಿವಿಯ ಹಿಂದೆ ಕತ್ತಿ ಆಡಿಸುವಾಗ ಕಣ್ಣು ಮುಚ್ಚಿಕೊಂಡೇ ಇದ್ದರು. ಎದ್ದು ಬಟ್ಟೆ ಕೊಡವಿಕೊಂಡು ಹೇಳಿದರು: "ನಾನು ಕೂರೋ ಜಾಗದಿಂದ ಎದುರು ಕೋಣೆ ಕಾಣುತ್ತೆ. ನಿಮ್ಮ ಬೆನ್ನು ಕಾಣುತ್ತೆ."

ನಾನು ಬಾಚಣಿಗೆ ತೊಳೆಯತೊಡಗಿದೆ.

"ನನ್ನ ಪಕ್ಕದ ಕುರ್ಚಿ ಮೇಲೆ ಬ್ಯಾಗ್ ಇಟ್ಟಿರ್ತೀನಿ. ಯಾರೂ ಕೂರದ ಹಾಗೆ."

ಎಷ್ಟು ವಾರದಿಂದ ಇಟ್ಟಿದ್ದಾರೋ, ಹೇಳಲಿಲ್ಲ.

ಏಪ್ರಿಲ್ 13, ಭಾನುವಾರ

ಇವಳು ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಒರೆಸುತ್ತಿದ್ದಳು.

"ಎಲ್ಲಿಗೆ?"

"ಸಂಘದ ಸೆಕ್ರೆಟರಿ ತರಕಾರಿ ಅಂಗಡಿ ಹತ್ರ ಸಿಕ್ಕಿದ್ರು. ವರ್ಷಕ್ಕೆ ಒಂದೇ ಮೀಟಿಂಗ್ ಅಂತೆ. ಅದೂ ಡಿಸೆಂಬರಲ್ಲಿ."

ನಾನು ಬಾಯಿ ತೆರೆದೆ. ಭಾಮೈದನ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಮುಚ್ಚಿದೆ. ಅವಳು ಕಾದಳು. ಆಮೇಲೆ ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿ, "ಅಕ್ಕನಿಗೆ ಈ ವಾರ ಬರ್ತೀನಿ ಅಂದಿದೀನಿ" ಎಂದಳು.

ಅಟ್ಟದ ಮೇಲೆ ಸೂಟ್‌ಕೇಸ್ ಇದ್ದ ಜಾಗದ ಹಿಂದೆ ನನ್ನ ಬಾಟಲಿ ಇತ್ತು, ಬರೀ ನೀರಿನ ಬಣ್ಣ. ಕುಡಿಯೋಣ ಎಂದೇ ಕೈ ಹಾಕಿದ್ದೆ. ಅವಳು ಎಷ್ಟು ಸಲ ಸ್ಟೂಲ್ ಹತ್ತಿ ಇಳಿದಿರಬೇಕು ಎನ್ನಿಸಿತು. ಅಡುಗೆಮನೆಯ ಸಿಂಕಿಗೆ ಸುರಿದೆ. ಅವಳು ಸ್ನಾನಕ್ಕೆ ಹೋಗಿದ್ದಳು, ನೋಡಲಿಲ್ಲ.

ಏಪ್ರಿಲ್ 15, ಮಂಗಳವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಇವಳಿಗೆ ಹೊರಗೆ ಹೋಗುತ್ತೇನೆ ಎಂದಷ್ಟೇ ಹೇಳಿ ಬಂದೆ. ಬುಟ್ಟಿ ಹಿಡಿದು ಎಡಗಡೆಯ ಕೋಣೆಗೇ ಹೋದೆ. ಇವತ್ತು ಕೊನೆ, ಅವರಿಗೆ ನಿಜ ಹೇಳಿ ಎದ್ದು ಬರುತ್ತೇನೆ ಎಂದುಕೊಂಡಿದ್ದೆ. ಹಾಗೆ ಹಿಂದಿನ ಮಂಗಳವಾರವೂ ಅಂದುಕೊಂಡಿದ್ದೆ, ಅದೂ ನಿಜ. ಬನ್ ಹಂಚಿ ಕೂತೆವು. ಟೀಚರಮ್ಮ ಶುರು ಮಾಡುವಷ್ಟರಲ್ಲಿ ಬಾಗಿಲು ಅರ್ಧ ತೆರೆಯಿತು. ಆಸ್ಪತ್ರೆಯ ನೀಲಿ ಕೋಟು, ಹೆಗಲಲ್ಲಿ ಚೀಲ. ಇವಳು.

"ಬಾಮ್ಮ, ಯಾರಿಗೋಸ್ಕರ ಬಂದೆ?" ಎಂದರು ಟೀಚರಮ್ಮ.

"ಹೆಡ್ ನರ್ಸ್ ಕಳಿಸಿದ್ರು. ಅವರ ಮನೇಲೂ..." ಎಂದವಳ ಕಣ್ಣು ನನ್ನ ಮೇಲೆ ಬಿತ್ತು. ಮಾತು ಅಲ್ಲಿಗೇ ನಿಂತಿತು. ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಬನ್ ನೋಡಿದಳು.

ಬೇಕರಿಯವರು ಚುರುಕು. "ನಿಮ್ಮ ಮನೆಯವರಾ ಸಾರ್?" ಎಂದರು. ತಲೆಯಾಡಿಸಿದೆ. ಅವರು ಎದ್ದು ನಿಂತೇಬಿಟ್ಟರು. "ಬನ್ನಿಮ್ಮ, ಬನ್ನಿ! ನಿಮ್ಮ ತಮ್ಮನ ವಿಷಯ ಎಲ್ಲಾ ಹೇಳಿದಾರೆ. ಇಂಥ ಗಂಡ ಸಿಗಬೇಕಲ್ಲಮ್ಮ! ಭಾಮೈದನಿಗೋಸ್ಕರ ಒಂದು ವಾರಾನೂ ತಪ್ಪಿಸಿಲ್ಲ. ಹೇಗಿದಾನಮ್ಮ ಈಗ ನಿಮ್ಮ ತಮ್ಮ?"

ಕೋಣೆಯಲ್ಲಿ ಎಲ್ಲರೂ ಅವಳ ಕಡೆ ನೋಡುತ್ತಿದ್ದರು. ಅವಳಿಗೆ ಎಲ್ಲ ಅರ್ಥವಾಯಿತು. ಅದು ನನಗೆ ಕಂಡಿತು. ಚೀಲದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಪರವಾಗಿಲ್ಲ" ಎಂದಳು. "ನನ್ನ ತಮ್ಮ... ಈಗ ಸ್ವಲ್ಪ ಪರವಾಗಿಲ್ಲ."

ಇಷ್ಟು ವರ್ಷ ಅವಳು ನನಗಾಗಿ ಹೇಳಿದ ಸುಳ್ಳೆಲ್ಲ ನಾನಿಲ್ಲದ ಕಡೆ ಹೇಳಿದ್ದು. ನಾನು ಮಲಗಿರುತ್ತಿದ್ದೆ. ಇವತ್ತು ಮೊದಲ ಸಲ ಎದುರಿಗೆ ಕೂತು ಕೇಳಿದೆ. ದನಿ ಸಣ್ಣಗಾಗುತ್ತದೆ. ನೋಟ ನೆಲಕ್ಕೆ ಹೋಗುತ್ತದೆ. ಕೊನೆಯಲ್ಲಿ ಒಂದು ನಗು ಸೇರಿಸುತ್ತಾಳೆ, ಕೇಳಿದವರು ನಂಬಲಿ ಎಂದು. ನನಗೆ ಅಳು ಬಂತು. ಬಂದದ್ದನ್ನು ಬರೆಯಲು ನಾಚಿಕೆಯೇನು.

ಆಮೇಲೆ ಅವಳು ಹಾಕಿದ್ದ ಗೆರೆ ನೆನಪಾಯಿತು. ಇನ್ನೊಂದು ಸಲ ಸುಳ್ಳು ಬಾಯಲ್ಲಿ ಬಂತೋ, ಹೊರಟೆ. ಬಂದಾಗಿತ್ತು. ನನ್ನ ಮಾನ ಉಳಿಸಲು ಹೋಗಿ, ನನ್ನ ಕಣ್ಣೆದುರಿಗೇ.

ಎದ್ದು ನಿಂತೆ.

"ಇವಳಿಗೆ ತಮ್ಮ ಇಲ್ಲ" ಎಂದೆ. "ಅಣ್ಣನೂ ಇಲ್ಲ. ಅಕ್ಕ ಒಬ್ಬಳಿದಾಳೆ, ಅವಳು ಚಹಾನೂ ಕುಡಿಯಲ್ಲ. ಕುಡಿಯೋನು ನಾನು. ನೀವು ಚಪ್ಪಾಳೆ ತಟ್ಟಿದ್ದೂ ನನಗೆ, ಸಮಾಧಾನ ಮಾಡಿದ್ದೂ ನನಗೆ. ಕೋಣೆ ತಪ್ಪಿ ಬಂದೆ. ತಪ್ಪಿದೆ ಅಂತ ಗೊತ್ತಾದ್ಮೇಲೂ ಇಲ್ಲೇ ಕೂತೆ."

ಬ್ಯಾಂಕಿನ ಹುಡುಗಿ ಕೈಯಿಂದ ಬಾಯಿ ಮುಚ್ಚಿಕೊಂಡಳು, ನಗುವೋ ಅಳುವೋ ತಿಳಿಯಲಿಲ್ಲ. ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ನಿಮ್ಮ ಕೋಣೆ..." ಎಂದರು.

"ಗೊತ್ತು ಮೇಡಂ, ಎದುರಿಗೆ."

"ಬನ್ ತಗೊಂಡ್ ಹೋಗಿ ಸಾರ್" ಎಂದರು ಬೇಕರಿಯವರು, ದನಿ ಒಡೆದಿತ್ತು. "ಅಲ್ಲಿ ಬರೀ ಟೀ ಕೊಡ್ತಾರೆ."

ಇವಳ ಪಕ್ಕದಲ್ಲೇ ಹಾದು ಹೊರಗೆ ಬಂದೆ. ಅವಳು ಸ್ವಲ್ಪ ಸರಿದು ದಾರಿ ಬಿಟ್ಟಳು, ಮುಖ ನೋಡಲಿಲ್ಲ. ಓಣಿ ದಾಟಿದೆ. ಎದುರು ಕೋಣೆಯಲ್ಲಿ ಯಾರೋ ಮಾತಾಡುತ್ತಿದ್ದರು. ಮೌನಿ ಪಕ್ಕದ ಕುರ್ಚಿಯಿಂದ ಬ್ಯಾಗ್ ಎತ್ತಿ ಕಾಲ ಬಳಿ ಇಟ್ಟುಕೊಂಡರು. ಕೂತೆ. ಅಲ್ಲಿ ಯಾರೂ ಯಾರಿಗೋಸ್ಕರ ಬಂದೆ ಎಂದು ಕೇಳಲಿಲ್ಲ.

ಮುಗಿದ ಮೇಲೆ ಕೆಳಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಇವಳು ನಿಂತಿದ್ದಳು. ಜೊತೆಗೇ ನಡೆದೆವು. ತುಂಬ ದೂರ ಬಂದ ಮೇಲೆ ಕೇಳಿದಳು:

"ಮಂಗಳವಾರ ಮಂಗಳವಾರ ಇಲ್ಲಿಗೇ ಬರ್ತಿದ್ರಾ?"

"ಹೂಂ."

"ನಾನು ಬಾರಿಗೆ ಅಂದ್ಕೊಂಡಿದ್ದೆ." ಸ್ವಲ್ಪ ನಡೆದು, "ಬಾಟ್ಲಿಗೆ ನಾನೇ ನೀರು ಹಾಕ್ತಿದ್ದೆ" ಎಂದಳು.

"ಗೊತ್ತು. ಪಾಪ, ಆ ವೈನ್ ಶಾಪಿನವನ ಕಾಲರ್ ಹಿಡಿದಿದ್ದೆ."

ಅವಳು ನಗಲಿಲ್ಲ. ಸೆರಗು ಮಾತ್ರ ಬಾಯಿಗೆ ಅಡ್ಡ ಹಿಡಿದುಕೊಂಡಳು.

ಮನೆಗೆ ಬಂದು ಒಳಕೋಣೆಯಲ್ಲಿ ಅಕ್ಕನಿಗೆ ಫೋನ್ ಹಚ್ಚಿದಳು. ನಾನು ಬಾಗಿಲ ಹೊರಗೆ ನಿಂತೆ. ಕದ್ದು ಕೇಳುವುದು ತಪ್ಪು, ಕೇಳಿದೆ.

"ಇಲ್ಲ ಕಣಕ್ಕ, ಈ ವಾರ ಬರಲ್ಲ... ಮುಂದಿನ ವಾರದ್ದು ಈಗ್ಲೇ ಹೇಳೋಕಾಗಲ್ಲ... ಇಲ್ಲ, ಜ್ವರ ಗಿರ ಏನಿಲ್ಲ." ಆಮೇಲೆ ದನಿ ಸಣ್ಣಗಾಗಲಿಲ್ಲ, ಇದ್ದ ಹಾಗೇ ಇತ್ತು. "ಕುಡೀತಾರೆ ಅಕ್ಕ. ಮುಂಚೆಯಿಂದನೂ ಕುಡೀತಾರೆ. ಈಗ ಬಿಡೋಕೆ ಹೋಗ್ತಿದಾರೆ."